ಕಾಲಿಗೊಂದು ಬಿಸಿ, ಮುಖಕ್ಕೊಂದು ಬಿಸಿ

ಏಪ್ರಿಲ್ ಬಂತೆಂದರೆ ಅಮ್ಮ ಮುಂಬಯಿ ಮಾಟುಂಗದ ನಮ್ಮ ಕಟ್ಟಡದ ತಾರಸಿಗೆ ಸಂಡಿಗೆ ಒಣಹಾಕಲು ಬೆಳಿಗ್ಗೆ ಎಂಟಕ್ಕೇ ಹತ್ತುತ್ತಾರೆ. ಹನ್ನೊಂದು ದಾಟಿದರೆ ಚಪ್ಪಲಿ ಇಲ್ಲದೆ ಅಲ್ಲಿ ಕಾಲಿಡಲು ಆಗುವುದಿಲ್ಲ. ಆದರೆ ನೀರಿನ ಟಾಂಕಿಯ ನೆರಳಲ್ಲಿ ನಿಂತರೆ ಸಮುದ್ರದ ಗಾಳಿ ಮುಖಕ್ಕೆ ಬಡಿಯುತ್ತದೆ, ಹಾಯೆನಿಸುತ್ತದೆ. ಉಪಗ್ರಹ ಅಳೆಯುವುದು ಕಾಲಿಗೆ ತಾಗುವ ಬಿಸಿಯನ್ನು. ಹವಾಮಾನ ಇಲಾಖೆ ಹೇಳುವುದು ಮುಖಕ್ಕೆ ತಾಗುವ ಗಾಳಿಯದ್ದನ್ನು.

ಕೊಲಾಬಾ, ಸಾಂತಾಕ್ರೂಜ್ ಹವಾಮಾನ ಕೇಂದ್ರಗಳಲ್ಲಿ ಥರ್ಮಾಮೀಟರ್ ಇರುವುದು ನೆಲದಿಂದ ಎದೆಯೆತ್ತರದಲ್ಲಿ, ಸಂದುಗಳಿರುವ ಬಿಳಿ ಪೆಟ್ಟಿಗೆಯೊಳಗೆ. ಬಿಸಿಲು ತಾಗಬಾರದು, ಗಾಳಿ ಆಡಬೇಕು. ಕರಾವಳಿಯಲ್ಲಿ ಬಿಸಿಗಾಳಿ ಎಂದು ಘೋಷಿಸಲು ನೋಡುವ 37 ಡಿಗ್ರಿಯೂ ಈ ಗಾಳಿಯ ಲೆಕ್ಕವೇ. ಉಪಗ್ರಹದ ನಕ್ಷೆಯಲ್ಲಿ 45 ಕಂಡ ಕೂಡಲೇ ಅದನ್ನು ಈ 37ರ ಪಕ್ಕ ಇಟ್ಟು ಗಾಬರಿಯಾಗುವುದು ತಪ್ಪು.

ಅಮೆರಿಕದ ಲ್ಯಾಂಡ್‌ಸ್ಯಾಟ್ 8 ಮತ್ತು 9 ಉಪಗ್ರಹಗಳು ಸುಮಾರು 705 ಕಿಲೋಮೀಟರ್ ಎತ್ತರದಿಂದ, ನೆಲ ಮತ್ತು ಮನೆಯ ಮಾಡುಗಳು ಸೂಸುವ, ಕಣ್ಣಿಗೆ ಕಾಣದ ಅವಕೆಂಪು (ಇನ್ಫ್ರಾರೆಡ್) ಕಿರಣಗಳನ್ನು ಹಿಡಿಯುತ್ತವೆ. ಎರಡೂ ಸೇರಿ ಒಂದೇ ಜಾಗವನ್ನು ನೋಡುವುದು 8 ದಿನಕ್ಕೊಮ್ಮೆ, ಅದೂ ಬೆಳಿಗ್ಗೆ ಹನ್ನೊಂದರ ಆಸುಪಾಸು. ಅಂದರೆ ಮಧ್ಯಾಹ್ನದ ಕಡು ಬಿಸಿಲು ಅವುಗಳ ಕಣ್ಣಿಗೆ ಬೀಳುವುದೇ ಇಲ್ಲ. ಮಳೆಗಾಲದಲ್ಲಂತೂ ಮೋಡವೇ ಅಡ್ಡ. ಜೊತೆಗೆ, ಮೂಲ ಅಳತೆಯಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ 100 ಮೀಟರ್ ಉದ್ದಗಲ. ಡಾಂಬರು ರಸ್ತೆ, ತಾರಸಿ, ಮರ ಎಲ್ಲ ಅದರೊಳಗೆ ಕಲಸಿ ಒಂದೇ ಸಂಖ್ಯೆಯಾಗುತ್ತದೆ. ಮರ ಜಾಸ್ತಿ ಇದ್ದರೆ ನೆಲದ್ದು, ಗಾಳಿಯದ್ದು ಎರಡು ಅಳತೆಗಳೂ ಹತ್ತಿರ ಬರುತ್ತವೆ. ಎಲೆಗಳಿಂದ ನೀರು ಆವಿಯಾಗುತ್ತ ಅವನ್ನು ತಂಪಾಗಿಡುತ್ತದೆ, ಅಲ್ವಾ?

ನನ್ನನ್ನು ಜಾಸ್ತಿ ಕಾಡುವುದು ಪತ್ರಾ ಮಾಡು, ಅಂದರೆ ತಗಡಿನ ಸೂರು. ಹೊಳೆಯುವ ಹೊಸ ತಗಡು ಅವಕೆಂಪು ಕಿರಣ ಸೂಸುವುದೇ ಕಡಿಮೆ. ಲೆಕ್ಕದಲ್ಲಿ ಅದನ್ನು ಸರಿಪಡಿಸದಿದ್ದರೆ, ಮುಟ್ಟಲಾಗದಷ್ಟು ಕಾದ ಮಾಡೂ ನಕ್ಷೆಯಲ್ಲಿ ತಂಪಾಗಿ ಕಾಣುತ್ತದೆ. ತುಕ್ಕು ಹಿಡಿದದ್ದು, ಬಣ್ಣ ಬಳಿದದ್ದು ಹಾಗಲ್ಲ, ಅದು ಚೆನ್ನಾಗಿ ಸೂಸುತ್ತದೆ.

ಧಾರಾವಿಯಲ್ಲಿ ನಮ್ಮ ಕಲಬುರಗಿ ಕಡೆಯವರೂ ಇಂಥ ಮಾಡುಗಳ ಕೆಳಗೆ ಬದುಕುತ್ತಾರೆ. ಕಾದ ತಗಡು ಮೇಲಿನಿಂದ ತಲೆಗೆ ಬಿಸಿ ಸುರಿಯುತ್ತದೆ. ಒಳಗೆ ಒಲೆ ಬೇರೆ ಉರಿಯುತ್ತಿರುತ್ತದೆ. ಉಪಗ್ರಹ ಮಾಡಿನ ಮೇಲ್ಮೈಯಷ್ಟನ್ನೇ ನೋಡುತ್ತದೆ, ಸಾಂತಾಕ್ರೂಜ್‌ನ ಪೆಟ್ಟಿಗೆ ಕಿಲೋಮೀಟರ್‌ಗಟ್ಟಲೆ ದೂರದಲ್ಲಿದೆ. ಆ ಮಾಡಿನ ಕೆಳಗೆ ರೊಟ್ಟಿ ಬಡಿಯುವವಳ ಬಿಸಿ ಎಷ್ಟೆಂದು ತಿಳಿಯಬೇಕಾದರೆ ಆ ಕೋಣೆಯ ಗೋಡೆಗೇ ಒಂದು ಥರ್ಮಾಮೀಟರ್ ತೂಗುಹಾಕಬೇಕು.