ಗೇರ್ ಲಿವರ್ ಜಾಗ ಬದಲಿಸುವುದು: ಪ್ರಾಜೆಕ್ಟ್ ಕಾರು ಕಟ್ಟುವವರಿಗೆ ಟಿಪ್ಪಣಿ

ಕಾಲೇಜ್ ವರ್ಕ್‌ಶಾಪಿನಲ್ಲಿ ಕಾರು ಕಟ್ಟುವಾಗ ಸೀಟು ಹಿಂದಕ್ಕೆ ಹೋಗುತ್ತದೆ, ಇಲ್ಲವೇ ಇಂಜಿನ್ನೇ ಡ್ರೈವರ್ ಬೆನ್ನಿನ ಹಿಂದಕ್ಕೆ ಹೋಗುತ್ತದೆ. ಎರಡರಲ್ಲೂ ಗೇರ್ ಲಿವರಿಗೆ ಹೊಸ ಜಾಗ ಹುಡುಕಲೇಬೇಕು. ವೆಲ್ಡಿಂಗ್ ಶುರು ಮಾಡುವ ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಲಿವರ್‌ನ ನಂಟು ಇರುವುದು ಗೇರ್ ಬಾಕ್ಸ್ ಜೊತೆಗೆ, ಶಾಸಿ (ಕಾರಿನ ಚೌಕಟ್ಟು) ಜೊತೆಗಲ್ಲ.

ಹಳೇ ಮಾರುತಿ 800 ಸಿಕ್ಕಿದರೆ ಕೆಳಗೆ ಬಗ್ಗಿ ನೋಡಿ. ಗೇರ್ ಬಾಕ್ಸ್‌ನಿಂದ ಲಿವರ್ ಕಡೆಗೆ ಎರಡು ರಾಡ್ ಬಂದಿರುತ್ತವೆ. ಒಂದು ತಿರುಗುತ್ತದೆ, ಹಿಂದೆ ಮುಂದೆಯೂ ಹೋಗುತ್ತದೆ. ಲಿವರನ್ನು ಎಡಕ್ಕೆ ಬಲಕ್ಕೆ ಸರಿಸಿದಾಗ ಅದು ತಿರುಗಿ ಗೇರ್‌ಗಳ ಸಾಲು (ಫಸ್ಟ್-ಸೆಕೆಂಡ್ ಒಂದು ಸಾಲು, ಮೂರು-ನಾಲ್ಕು ಇನ್ನೊಂದು) ಆರಿಸುತ್ತದೆ. ಮುಂದೆ ಹಿಂದೆ ತಳ್ಳಿದಾಗ ಗೇರ್ ಬೀಳುತ್ತದೆ. ಇನ್ನೊಂದು ರಾಡ್ ನೋಡುವುದಕ್ಕೆ ಏನೂ ಕೆಲಸ ಮಾಡುವುದಿಲ್ಲ. ಸುಮ್ನೆ ಸಪೋರ್ಟಿಗೆ ಇರಬೇಕು ಅಂದುಕೊಂಡು ಅದನ್ನು ತೆಗೆದುಹಾಕುವವರು ಇದ್ದಾರೆ. ಹಾಗೆ ಮಾಡಬೇಡಿ, ಇಡೀ ವ್ಯವಸ್ಥೆ ನಿಂತಿರುವುದು ಅದರ ಮೇಲೆ.

ಯಾಕೆ ಅಂದರೆ, ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಇಂಜಿನ್ ಗೇರ್ ಬಾಕ್ಸ್ ಎರಡೂ ಒಟ್ಟಿಗೆ ವಾಲುತ್ತವೆ. ಲಿವರನ್ನು ಬರೀ ಶಾಸಿಗೆ ಬಿಗಿದರೆ ಅದಕ್ಕೂ ಗೇರ್ ಬಾಕ್ಸ್‌ಗೂ ಇರುವ ದೂರ ಪ್ರತಿ ಸಲ ಬದಲಾಗುತ್ತದೆ. ಆಗ ಗೇರ್ ಪೂರ್ತಿ ಬೀಳುವುದಿಲ್ಲ, ಇಲ್ಲವೇ ಲೋಡ್ ಬಿದ್ದಾಗ ಹಾರಿ ನ್ಯೂಟ್ರಲ್‌ಗೆ ಬರುತ್ತದೆ. ಆ ಎರಡನೇ ರಾಡ್ ಲಿವರ್‌ನ ಬುಡವನ್ನು ಗೇರ್ ಬಾಕ್ಸ್ ಜೊತೆಗೇ ಹಿಂದೆ ಮುಂದೆ ಕರೆದೊಯ್ಯುತ್ತದೆ, ದೂರ ಬದಲಾಗಲು ಬಿಡುವುದಿಲ್ಲ. ಲಿವರನ್ನು ಹಿಂದಕ್ಕೆ ಸರಿಸುವುದಾದರೆ ಎರಡೂ ರಾಡ್ ಒಂದೇ ಅಳತೆಯಷ್ಟು ಉದ್ದವಾಗಬೇಕು.

ಕೇಬಲ್ ವ್ಯವಸ್ಥೆ ಇದೇ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡುತ್ತದೆ. ಸಾಲು ಆರಿಸಲು ಒಂದು ಕೇಬಲ್, ಗೇರ್ ಹಾಕಲು ಇನ್ನೊಂದು. ಸೈಕಲ್ ಬ್ರೇಕ್ ವೈರ್‌ನ ಹಾಗೆ ಹೊರಗೊಂದು ಕವಚ, ಒಳಗೊಂದು ತಂತಿ. ಆದರೆ ಈ ತಂತಿ ಎಳೆಯುವುದಷ್ಟೇ ಅಲ್ಲ, ತಳ್ಳುತ್ತದೆ ಕೂಡ. ಕವಚದ ಒಂದು ತುದಿ ಲಿವರ್ ಬುಡಕ್ಕೆ, ಇನ್ನೊಂದು ಗೇರ್ ಬಾಕ್ಸ್ ಮೇಲಿನ ಬ್ರಾಕೆಟ್ಟಿಗೆ ಬಿಗಿದಿರುತ್ತದೆ. ಇಂಜಿನ್ ವಾಲಿದರೆ ಕವಚವೂ ಜೊತೆಗೆ ಹೋಗುತ್ತದೆ, ಒಳಗಿನ ತಂತಿಯ ಲೆಕ್ಕ ತಪ್ಪುವುದಿಲ್ಲ. ಹಾಗಾಗಿ ಲಿವರ್ ದೂರ ಹೋಗುವಾಗ ನನ್ನ ಆಯ್ಕೆ ಯಾವಾಗಲೂ ಕೇಬಲ್. ಗೇರ್ ಬಾಕ್ಸ್ ಬದಿಯ ಬ್ರಾಕೆಟ್ ಮಾತ್ರ ಗಟ್ಟಿ ಇರಬೇಕು. ತೆಳ್ಳಗಿನ ಪಟ್ಟಿ ಹಾಕಿದರೆ ಕೈಯ ಬಲವೆಲ್ಲ ಅದನ್ನು ಬಗ್ಗಿಸುವುದಕ್ಕೇ ಹೋಗುತ್ತದೆ. ಕೇಬಲ್‌ನಲ್ಲಿ ಬೆಂಡ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಇರುವ ಬೆಂಡೂ ಅಗಲವಾಗಿರಲಿ. ಸೈಲೆನ್ಸರ್ ಪೈಪಿನಿಂದ ದೂರ ಇಡಿ. ಬಿಸಿಗೆ ಒಳಗಿನ ಪ್ಲಾಸ್ಟಿಕ್ ಲೈನಿಂಗ್ ಕೆಟ್ಟರೆ ತಂತಿ ಹಿಡಿದುಕೊಳ್ಳುತ್ತದೆ.

ಈಗ ತಲೆ ಜಾಸ್ತಿ ತಿನ್ನುವ ಭಾಗ. ಇಂಜಿನ್ ಹಿಂದಕ್ಕೆ ಹೋದಾಗ ಕೇಬಲ್ ಗೇರ್ ಬಾಕ್ಸ್‌ಗೆ ಮುಂದಿನಿಂದ ಬರುತ್ತದೆ. ಮೊದಲು ಅದು ಹಿಂದಿನಿಂದ ಬರುತ್ತಿತ್ತು. ಅದೇ ಎಳೆತ ಈಗ ಗೇರ್ ಬಾಕ್ಸ್‌ನ ತೋಳನ್ನು (ಕೇಬಲ್ ತುದಿ ಜೋಡಿಸುವ ಭಾಗ) ಉಲ್ಟಾ ದಿಕ್ಕಿಗೆ ತಿರುಗಿಸುತ್ತದೆ. ಫಸ್ಟ್ ಹಾಕಿದರೆ ಸೆಕೆಂಡ್, ಮೂರು ಹಾಕಿದರೆ ನಾಲ್ಕು! ಸಾಲು ಆರಿಸುವ ಕೇಬಲ್ಲೂ ಉಲ್ಟಾ ಆದರೆ ಫಸ್ಟಿನ ಸಾಲು ಬಲಕ್ಕೆ ಹೋಗುತ್ತದೆ. ಇದಕ್ಕೆ ಎರಡು ದಾರಿ ಇವೆ. ಕೇಬಲನ್ನು ಅಗಲವಾಗಿ ಸುತ್ತಿಸಿ ಮೊದಲಿನ ಹಾಗೆ ಹಿಂದಿನಿಂದಲೇ ತರಬಹುದು. ಜಾಗ ಇಲ್ಲದಿದ್ದರೆ, ಲಿವರ್ ತಿರುಗುವ ಪಿವಟ್‌ನ ಕೆಳಗೆ ಜೋಡಿಸಿದ್ದ ಕೇಬಲನ್ನು ಮೇಲೆ ಜೋಡಿಸಬಹುದು. ಆಗ ತಳ್ಳುವುದು ಎಳೆಯುವುದು ಅದಲುಬದಲಾಗುತ್ತದೆ, ಪ್ಯಾಟರ್ನ್ ಸರಿಹೋಗುತ್ತದೆ. ಕಾಗದದ ಮೇಲೆ ಬಾಣ ಬರೆದು ನೋಡಿ, ಬೇಗ ಗೊತ್ತಾಗುತ್ತದೆ.

ಲಿವರ್ ಉದ್ದದ ಲೆಕ್ಕ ಸುಲಭ. ಪಿವಟ್‌ನಿಂದ ಲಿವರ್ ತುದಿಯ ಹಿಡಿಗುಂಡಿಗೆ 280 ಮಿ.ಮೀ., ಪಿವಟ್‌ನಿಂದ ಕೇಬಲ್ಲಿಗೆ 40 ಮಿ.ಮೀ. ಅಂತಿಟ್ಟುಕೊಳ್ಳಿ. ಅನುಪಾತ 7. ಕೇಬಲ್ 10 ಮಿ.ಮೀ. ಹೋಗಬೇಕಾದರೆ ಕೈ 70 ಮಿ.ಮೀ. ಹೋಗಬೇಕು. ಲಿವರನ್ನು 200 ಮಿ.ಮೀ.ಗೆ ಕತ್ತರಿಸಿದರೆ ಅನುಪಾತ 5. ಕೈ 50 ಮಿ.ಮೀ. ಹೋದರೆ ಸಾಕು, ಆದರೆ 1.4 ಪಟ್ಟು ಬಲ ಹಾಕಬೇಕು.

ಜಿಪ್ಸಿಯಂತೆ ಲಿವರ್ ನೇರ ಗೇರ್ ಬಾಕ್ಸ್ ಮೇಲೇ ಕೂತಿದ್ದರೆ, ಕಾಯಿಸಿ ಬಗ್ಗಿಸಿದರಾಯಿತು ಅಂತ ಅನ್ನಿಸುತ್ತದೆ. ಸ್ವಲ್ಪ ಬಗ್ಗಿಸಿದರೆ ತೊಂದರೆ ಇಲ್ಲ. ತುಂಬಾ ಹಿಂದಕ್ಕೆ ಮಲಗಿಸಿದರೆ ಗುಂಡಿ ಹಿಂದೆ ಮುಂದೆ ಹೋಗುವ ಬದಲು ಮೇಲೆ ಕೆಳಗೆ ಹೋಗಲು ಶುರುವಾಗುತ್ತದೆ. ಬೈಕ್ ಇಂಜಿನ್ ಹಾಕಿದವರಿಗೆ ಈ ತಲೆನೋವು ಕಡಿಮೆ. ಅಲ್ಲಿ ಗೇರ್ ಒಂದೇ ಸಾಲಿನಲ್ಲಿ ಬರುತ್ತದೆ, ಒಂದು ರಾಡ್ ಅಥವಾ ಒಂದು ಕೇಬಲ್ ಸಾಕು.

ಜಾಗ ಗುರುತಿಸುವಾಗ ಡ್ರೈವರನ್ನು ಬೆಲ್ಟ್ ಬಿಗಿದು ಕೂರಿಸಿ. ಭುಜ ಸೀಟಿನಿಂದ ಏಳದೆ ಎಲ್ಲಕ್ಕಿಂತ ದೂರದ ಗೇರೂ ಸಿಗಬೇಕು. ಮೊದಲು ಪ್ಲೈವುಡ್‌ನಲ್ಲಿ ಮಾಡಿ ನೋಡಿ, ಆಮೇಲೆ ಬೆಂಗಳೂರಿನ ಪೀಣ್ಯಕ್ಕೆ ಲೇಸರ್ ಕಟಿಂಗಿಗೆ ಕೊಡಿ. ಜೆ.ಸಿ. ರೋಡಿನಲ್ಲಿ ಕೇಬಲ್ ಕೇಳುವಾಗ ಉದ್ದ ಮಾತ್ರ ಹೇಳಬೇಡಿ. ತಂತಿ ಎಷ್ಟು ಚಲಿಸಬೇಕು, ತುದಿಯ ಜಾಯಿಂಟ್ ಯಾವ ಅಳತೆ ಅಂತಲೂ ಬರೆದುಕೊಂಡು ಹೋಗಿ. ಸ್ಯಾಂಪಲ್ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು.

ಇದೆಲ್ಲ ವರ್ಕ್‌ಶಾಪ್ ಮತ್ತು ಟ್ರ್ಯಾಕ್ ಕಾರಿಗೆ ಮಾತ್ರ. ರೋಡಿನ ಕಾರಾದರೆ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಓದಿ, ಆರ್‌ಟಿಓದಲ್ಲಿ ವಿಚಾರಿಸಿಯೇ ಕೈ ಹಾಕಿ.

ಪರೀಕ್ಷೆ ಹೀಗೆ ಮಾಡಿ. ಕಾರನ್ನು ಸ್ಟ್ಯಾಂಡ್ ಮೇಲಿಟ್ಟು, ಕೇಬಲ್ ಬಿಚ್ಚಿ, ಗೇರ್ ಬಾಕ್ಸ್‌ನ ತೋಳನ್ನು ಕೈಯಲ್ಲೇ ಪೂರ್ತಿ ತಳ್ಳಿ, ಅದು ನಿಂತ ಜಾಗಕ್ಕೆ ಗೆರೆ ಹಾಕಿ. ಪ್ರತಿ ಗೇರಿಗೂ ಹೀಗೆ ಗೆರೆ ಇರಲಿ. ಗೇರ್ ಬೀಳದಿದ್ದರೆ ಸ್ಟ್ಯಾಂಡ್ ಮೇಲಿರುವ ಚಕ್ರವನ್ನು ಸ್ವಲ್ಪ ತಿರುಗಿಸಿ. ಆಮೇಲೆ ಕೇಬಲ್ ಜೋಡಿಸಿ ಲಿವರ್‌ನಿಂದ ಹಾಕಿ. ತೋಳು ಅದೇ ಗೆರೆಗೆ ಬಂದು ನಿಲ್ಲಬೇಕು. ಗೆರೆಗೆ ಎರಡು ಮಿ.ಮೀ. ಮೊದಲೇ ನಿಂತರೂ ಸರಿಯಲ್ಲ, ಒಳಗೆ ಹಲ್ಲು ತುದಿಯಲ್ಲಷ್ಟೇ ಕಚ್ಚಿಕೊಂಡು ಸವೆಯುತ್ತದೆ. ಬಹಳ ಸಲ ಕಾರಣ ಕೇಬಲ್ ಆಗಿರುವುದಿಲ್ಲ, ಲಿವರ್ ಹೋಗಿ ಅದರ ಸುತ್ತಲಿನ ಕವರ್‌ನ ಅಂಚಿಗೆ ಬಡಿಯುತ್ತಿರುತ್ತದೆ. ಕೊನೆಗೆ ಸೆಕೆಂಡ್ ಗೇರ್ ಹಾಕಿ, ಸನ್ನೆಕೋಲಿನಿಂದ ಇಂಜಿನನ್ನು ಮೌಂಟಿಂಗ್ ಮೇಲೆ ಅಲುಗಾಡಿಸಿ. ತೋಳು ಗೆರೆ ಬಿಟ್ಟು ಕದಲದಿದ್ದರೆ ಕೇಬಲ್‌ನ ಲಾಕ್ ನಟ್ ಬಿಗಿಯಬಹುದು.