‘ಆಗಿ’ ಕಂಡಲ್ಲೆಲ್ಲ ‘ಲಿ’ ಬಾರದು: ಇಂಗ್ಲಿಷ್ ಕ್ರಿಯಾವಿಶೇಷಣದ ಟಿಪ್ಪಣಿ

ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿಗೆ ಓದುವವರ ನೋಟ್‌ಬುಕ್ಕಿನಲ್ಲಿ ಆಡ್ವರ್ಬ್‌ಗೆ, ಅಂದರೆ ಕ್ರಿಯಾವಿಶೇಷಣಕ್ಕೆ, ಒಂದೇ ಸೂತ್ರ ಇರುತ್ತದೆ: ಕನ್ನಡದಲ್ಲಿ ‘ಆಗಿ’ ಇದ್ದರೆ ಇಂಗ್ಲಿಷಿನಲ್ಲಿ ‘ಲಿ’. ವೇಗವಾಗಿ ಕ್ವಿಕ್ಲಿ, ಸ್ಪಷ್ಟವಾಗಿ ಕ್ಲಿಯರ್ಲಿ. ಸ್ವಲ್ಪ ದೂರ ಇದು ನಡೆಯುತ್ತದೆ, ಆಮೇಲೆ ಕೈಕೊಡುತ್ತದೆ.

‘ಹಲಸಿನಹಣ್ಣು ಸಿಹಿಯಾಗಿದೆ’ ಎಂಬುದನ್ನು ‘ದ ಜ್ಯಾಕ್‌ಫ್ರೂಟ್ ಟೇಸ್ಟ್ಸ್ ಸ್ವೀಟ್ಲಿ’ ಎಂದು ಬರೆದರೆ ತಪ್ಪು. ‘ಟೇಸ್ಟ್ಸ್ ಸ್ವೀಟ್’ ಎಂದೇ ಆಗಬೇಕು. ಹಣ್ಣು ಇಲ್ಲಿ ಏನೂ ಮಾಡುತ್ತಿಲ್ಲ, ಅದು ಎಂಥದ್ದು ಎಂದಷ್ಟೇ ಹೇಳುತ್ತಿದ್ದೇವೆ. ಅದು ನಾಮಪದಕ್ಕೆ ಸೇರಿದ ಮಾತು, ಕ್ರಿಯೆಗಲ್ಲ. ಪರೀಕ್ಷಿಸುವುದು ಸುಲಭ: ಕ್ರಿಯಾಪದ ತೆಗೆದು ‘ಈಸ್’ ಇಟ್ಟು ನೋಡಿ. ‘ದ ಜ್ಯಾಕ್‌ಫ್ರೂಟ್ ಈಸ್ ಸ್ವೀಟ್’, ಅರ್ಥ ಕೆಡಲಿಲ್ಲ. ಹಾಗಾದರೆ ‘ಲಿ’ ಬೇಡ. ಲುಕ್, ಸ್ಮೆಲ್, ಟೇಸ್ಟ್, ಸೌಂಡ್, ಫೀಲ್ ಈ ಐದರಲ್ಲಿ ಎಚ್ಚರ ಬೇಕು. ಅದೇ ಲುಕ್ ‘ದಿಟ್ಟಿಸು’ ಎಂಬ ಕೆಲಸವಾದಾಗ ‘ಲಿ’ ಮರಳುತ್ತದೆ: ‘ಶಿ ಲುಕ್ಡ್ ಆಂಗ್ರಿ’ ಎಂದರೆ ಅವಳ ಮುಖದಲ್ಲಿ ಸಿಟ್ಟು ಕಾಣುತ್ತಿತ್ತು, ‘ಶಿ ಲುಕ್ಡ್ ಆಂಗ್ರಿಲಿ ಎಟ್ ದ ಕಂಡಕ್ಟರ್’ ಎಂದರೆ ಕಂಡಕ್ಟರನನ್ನು ಸಿಟ್ಟಿನಿಂದ ನೋಡಿದಳು.

‘ಚೆನ್ನಾಗಿ’ ಎಂಬುದೂ ಹೀಗೇ ಎರಡು ದಾರಿ ಹಿಡಿಯುತ್ತದೆ. ಭಾಗವತರು ಚೆನ್ನಾಗಿ ಹಾಡುತ್ತಾರೆ: ‘ಸಿಂಗ್ಸ್ ವೆಲ್’. ಪದ್ಯ ಚೆನ್ನಾಗಿದೆ: ‘ಈಸ್ ಗುಡ್’. ಮಲಯಾಳದ ‘ನನ್ನಾಯಿ’ಯೂ ನಮ್ಮ ‘ಚೆನ್ನಾಗಿ’ಯಂತೆ ಎರಡೂ ಕಡೆ ಬರುತ್ತದೆ. ಹಾಗಾಗಿ ಎರಡೂ ಭಾಷೆ ಗೊತ್ತಿರುವ ನಮ್ಮ ಕಡೆಯವರಿಗೆ ಈ ತಪ್ಪು ಎರಡು ಬಾಗಿಲಿಂದ ಒಳಬರುತ್ತದೆ.

ಇನ್ನು ಜಾಗದ ಪ್ರಶ್ನೆ. ‘ನಿನ್ನೆ ಕುಂಬಳೆಯಲ್ಲಿ ಜೋರಾಗಿ ಮಳೆ ಬಂತು.’ ಕಾಲ, ಸ್ಥಳ, ರೀತಿ, ಕೊನೆಗೆ ಕ್ರಿಯೆ. ಇಂಗ್ಲಿಷಿಗೆ ಇದನ್ನು ಬಾಲದಿಂದ ಓದಿಕೊಳ್ಳಿ: ‘ಇಟ್ ರೈನ್ಡ್ ಹೆವಿಲಿ ಇನ್ ಕುಂಬಳೆ ಯೆಸ್ಟರ್‌ಡೇ.’ ಕ್ರಿಯೆ, ರೀತಿ, ಸ್ಥಳ, ಕಾಲ. ‘ಯೆಸ್ಟರ್‌ಡೇ’ಯನ್ನು ಮೊದಲಿಗೆ ತಂದರೂ ಅಡ್ಡಿಯಿಲ್ಲ. ಗೋ, ಕಮ್ ಇದ್ದಲ್ಲಿ ಮಾತ್ರ ಸ್ಥಳ ಸಾಮಾನ್ಯವಾಗಿ ರೀತಿಗಿಂತ ಮೊದಲು ಬರುತ್ತದೆ: ‘ಶಿ ವೆಂಟ್ ಹೋಮ್ ಕ್ವೈಟ್ಲಿ.’

ಹೆಚ್ಚು ಅಂಕ ಹೋಗುವುದು ಕರ್ಮಪದ ಇರುವ ವಾಕ್ಯದಲ್ಲಿ. ‘ಶಿ ಸ್ಪೀಕ್ಸ್ ವೆಲ್ ಇಂಗ್ಲಿಷ್’ ತಪ್ಪು. ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಆಡ್ವರ್ಬ್ ತೂರಬಾರದು. ‘ಶಿ ಸ್ಪೀಕ್ಸ್ ಇಂಗ್ಲಿಷ್ ವೆಲ್’ ಸರಿ.

ಆಲ್ವೇಸ್, ಆಫನ್, ನೆವರ್ ಇವುಗಳ ಜಾಗ ಬೇರೆ. ಮುಖ್ಯ ಕ್ರಿಯಾಪದದ ಮೊದಲು: ‘ದ ಬಸ್ ಆಲ್ವೇಸ್ ಕಮ್ಸ್ ಲೇಟ್’. ಆದರೆ ಈಸ್, ವಾಸ್‌ಗಳ ನಂತರ: ‘ದ ಬಸ್ ಈಸ್ ಆಲ್ವೇಸ್ ಲೇಟ್’. ಸಹಾಯಕ ಕ್ರಿಯಾಪದ ಇದ್ದರೆ ಮೊದಲನೆಯದರ ಬೆನ್ನಿಗೆ: ‘ಐ ಹ್ಯಾವ್ ನೆವರ್ ಸೀನ್ ಬೇಕಲ್ ಫೋರ್ಟ್’. ನೆವರ್ ಇರುವಲ್ಲಿ ಇನ್ನೊಂದು ‘ನಾಟ್’ ಹಾಕಬೇಡಿ. ‘ಎಂದೂ ನೋಡಿಲ್ಲ’ ಎಂಬ ನಮ್ಮ ‘ಇಲ್ಲ’ ನೆವರ್‌ನೊಳಗೇ ಇದೆ.

‘ಲಿ’ ಸೇರಿಸಿದ್ದಕ್ಕೇ ಅರ್ಥ ಬುಡಮೇಲಾಗುವುದೂ ಉಂಟು. ಅಡಿಕೆ ತೋಟದಲ್ಲಿ ದಿನವಿಡೀ ದುಡಿಯುವ ಅಪ್ಪನ ಬಗ್ಗೆ ‘ಮೈ ಫಾದರ್ ಹಾರ್ಡ್ಲಿ ವರ್ಕ್ಸ್’ ಎಂದು ಬರೆದರೆ ಅವರು ಕೆಲಸ ಮಾಡುವುದೇ ಅಪರೂಪ ಎಂದಾಯಿತು, ಪಾಪ! ‘ವರ್ಕ್ಸ್ ಹಾರ್ಡ್’ ಎನ್ನಬೇಕು. ಲೇಟ್ ಎಂದರೆ ತಡವಾಗಿ, ಲೇಟ್ಲಿ ಎಂದರೆ ಇತ್ತೀಚೆಗೆ. ‘ಫಾಸ್ಟ್ಲಿ’ ಎಂಬ ಪದವನ್ನು ಬಳಸಲೇಬೇಡಿ. ಫ್ರೆಂಡ್ಲಿ, ಲವ್ಲಿ ನೋಡಲು ಆಡ್ವರ್ಬ್‌ನಂತಿದ್ದರೂ ವಿಶೇಷಣಗಳು. ‘ಸ್ನೇಹದಿಂದ ಮಾತಾಡಿದ’ ಎನ್ನಲು ‘ಹಿ ಸ್ಪೋಕ್ ಇನ್ ಅ ಫ್ರೆಂಡ್ಲಿ ವೇ’.

ಕಾಗುಣಿತದಲ್ಲಿ ಮೂರು ನೆನಪಿರಲಿ: ಹ್ಯಾಪಿಯ ವೈ ಹೋಗಿ ಐ ಬರುತ್ತದೆ, ಟ್ರೂವಿನ ಕೊನೆಯ ಇ ಬೀಳುತ್ತದೆ, ಕೇರ್‌ಫುಲ್‌ಗೆ ಲಿ ಸೇರಿದಾಗ ಎಲ್ ಎರಡಾಗುತ್ತದೆ.

ಮಾತಿನಲ್ಲಿ ಕೇಳಿಬರುವ ‘ಸ್ಲೋಲಿ ಸ್ಲೋಲಿ’ ನಮ್ಮ ‘ಮೆಲ್ಲ ಮೆಲ್ಲ’ದ ನೆರಳು, ಬರವಣಿಗೆಯಲ್ಲಿ ಒಂದೇ ಸ್ಲೋಲಿ ಸಾಕು. ‘ಐ ಯಾಮ್ ಹಿಯರ್ ಓನ್ಲಿ’ ಎಂಬುದರಲ್ಲಿ ಅಡಗಿರುವುದು ‘ಇಲ್ಲೇ’ಯ ಏಕಾರ. ಅದಕ್ಕೆ ‘ರೈಟ್ ಹಿಯರ್’ ಎಂದು ಬರೆಯಿರಿ.