ಹುಲ್ಲಿಗೆ ಎಷ್ಟು ಬಿಸಿ ಸಾಕು?

ನಾನು ಅಣಬೆ ಬೆಳೆಯಲು ಬಿಸಿ ಮಾಡಿದ ಭತ್ತದ ಹುಲ್ಲು, ಅಣಬೆ ಬೀಜ ತುಂಬಿ ಕಟ್ಟಿದ ಮೊದಲ ಆರು ಚೀಲಗಳು ಒಂಬತ್ತನೇ ದಿನಕ್ಕೆ ಹಸಿರಾದವು. ಎಲೆಯ ಹಸಿರಲ್ಲ, ಹಳೇ ಬ್ರೆಡ್ ಮೇಲೆ ಬರುತ್ತದಲ್ಲ, ಆ ಬೂಷ್ಟಿನ ಹಸಿರು. ಬೇಸರಕ್ಕಿಂತ ಗೊಂದಲವೇ ಜಾಸ್ತಿ ಆಯಿತು, ಯಾಕಂದ್ರೆ ಹುಲ್ಲನ್ನು ನಾನು ಅರೆಬರೆ ಬೇಯಿಸಿರಲಿಲ್ಲ. ದೊಡ್ಡ ಕುಕ್ಕರಿಗೆ ತುಂಬಿ, ಒಂದು ಕ್ರಿಮಿಯೂ ಉಳಿಯಬಾರದು ಅಂತ ಹಟ ಹಿಡಿದು ಗಂಟೆಗಟ್ಟಲೆ ಬೇಯಿಸಿದ್ದೆ. ಅದೇ ವಾರ ನಮ್ಮ ಚಿಗವ್ವ ಹಿತ್ತಲಿನ ಹಂಡೆಯ ಬಿಸಿನೀರಲ್ಲಿ ಹುಲ್ಲಿನ ಗೋಣಿಚೀಲ ಮುಳುಗಿಸಿ, ಕುದಿಯಲೂ ಬಿಡದೆ ತೆಗೆದು ನಾಲ್ಕು ಚೀಲ ಕಟ್ಟಿದಳು. ಅವು ನಾಲ್ಕೂ ಬೆಳ್ಳಗಾದವು, ಅಂದರೆ ಅಣಬೆಯ ಬಿಳಿ ನೂಲು ತುಂಬಿಕೊಂಡಿತು.

ಜಾಸ್ತಿ ಬೇಯಿಸಿದ್ದು ಕೆಟ್ಟಿತು, ಕಮ್ಮಿ ಬಿಸಿ ಮಾಡಿದ್ದು ಬಂತು. ಇದರ ಹಿಂದಿನ ಕಾರಣ ತಿಳಿದ ಮೇಲೆ ಹುಲ್ಲನ್ನು ನೋಡುವ ನನ್ನ ಕಣ್ಣೇ ಬದಲಾಯಿತು.

ಗಂಗಾವತಿ, ಕಾರಟಗಿ ಕಡೆ ಇರುವವರಿಗೆ ಹುಲ್ಲಿಗೇನು ಬರ? ತುಂಗಭದ್ರಾ ಎಡದಂಡೆ ಕಾಲುವೆ ನೀರು ಹರಿದ ಕಡೆಯೆಲ್ಲ ಭತ್ತ. ಮೊದಲು ಮನೆಮನೆಗೂ ಬಣವಿ ಇರುತ್ತಿತ್ತು. ಈಗ ದನ ಕಮ್ಮಿ, ಮಷೀನ್ ಕೊಯ್ಲು ಜಾಸ್ತಿ, ಎರಡನೇ ಬೆಳೆಗೆ ಗದ್ದೆ ಬೇಗ ಖಾಲಿ ಆಗಬೇಕು, ಹಾಗಾಗಿ ಎಷ್ಟೋ ಕಡೆ ಹುಲ್ಲಿಗೆ ಬೆಂಕಿ ಇಡುತ್ತಾರೆ. ಆ ಹೊಗೆ ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ. 1 ಕಿಲೋ ಒಣ ಹುಲ್ಲಿನಿಂದ, ಚೆನ್ನಾಗಿ ಬಂದರೆ, ಅರ್ಧ ಕಿಲೋಗೂ ಮೀರಿ ಸಿಂಪಿ ಅಣಬೆ (ಆಯ್ಸ್ಟರ್ ಮಶ್ರೂಮ್) ಸಿಗುತ್ತದೆ. ಅದು ಬರುವುದೂ ಬಾರದಿರುವುದೂ ಬಹುಪಾಲು ಆ ಹುಲ್ಲನ್ನು ಬಿಸಿ ಮಾಡುವ ಒಂದೆರಡು ಗಂಟೆಯಲ್ಲೇ ತೀರ್ಮಾನ ಆಗಿಬಿಡುತ್ತದೆ.

ಒಣ ಹುಲ್ಲು ಸತ್ತ ವಸ್ತು ಅಂತ ನಾವು ಅಂದುಕೊಳ್ಳುತ್ತೇವೆ. ಅದು ಒಂದು ತುಂಬಿದ ಊರು. ಬ್ಯಾಕ್ಟೀರಿಯಾ, ಹತ್ತಾರು ಬಗೆಯ ಬೂಷ್ಟಿನ ಬೀಜಕಣಗಳು, ನುಸಿ, ಹುಳದ ಮೊಟ್ಟೆ, ಎಲ್ಲವೂ ಅದರಲ್ಲಿ ಮಲಗಿರುತ್ತವೆ. ನೀರು ಸಿಕ್ಕಿದ ಕ್ಷಣ ಎದ್ದು ಊಟಕ್ಕೆ ಕೂರುತ್ತವೆ. ಊಟ ಏನು ಅಂದರೆ, ಸ್ವಲ್ಪ ಸುಲಭವಾಗಿ ಸಿಗುವ ಸಕ್ಕರೆ, ಉಳಿದಂತೆ ಬರೀ ಸೆಲ್ಯುಲೋಸ್ ಮತ್ತು ಲಿಗ್ನಿನ್. ಲಿಗ್ನಿನ್ ಅನ್ನುವುದು ಗಿಡಕ್ಕೆ ಗಟ್ಟಿತನ ಕೊಡುವ ವಸ್ತು, ಅದನ್ನು ಒಡೆದು ತಿನ್ನುವ ತಾಕತ್ತು ಇರುವ ಜೀವಿಗಳು ಬಹಳ ಕಮ್ಮಿ. ಸಿಂಪಿ ಅಣಬೆಗೆ ಆ ತಾಕತ್ತಿದೆ. ಆದರೆ ಅದು ನಿಧಾನಸ್ಥ. ಚೀಲದ ತುಂಬ ಬಿಳಿ ನೂಲು ಹರಡಿಕೊಳ್ಳಲು ಎರಡು ಮೂರು ವಾರ ಬೇಕು. ಬೂಷ್ಟಿಗೆ ಲಿಗ್ನಿನ್ ಅರಗದು, ಆದರೆ ಸಕ್ಕರೆ ಕಂಡರೆ ಎರಡೇ ದಿನದಲ್ಲಿ ಮುತ್ತಿಕೊಳ್ಳುತ್ತದೆ.

ಆ ಹಸಿರು ಬೂಷ್ಟಿನ ಹೆಸರು ಟ್ರೈಕೋಡರ್ಮ. ರಾಯಚೂರು, ಕೊಪ್ಪಳದ ರೈತರಿಗೆ ಈ ಹೆಸರು ಹೊಸದಲ್ಲ. ತೊಗರಿ, ಕಡಲೆಗೆ ಸೊರಗು ರೋಗ ಬರದಿರಲಿ ಅಂತ ಬೀಜಕ್ಕೆ ಲೇಪಿಸುವ ಪುಡಿ ಅದೇ! ಅಲ್ಲಿ ಅದು ಯಾಕೆ ಮಿತ್ರ ಗೊತ್ತಾ? ಬೇರೆ ಶಿಲೀಂಧ್ರಗಳ ಮೇಲೆ ಏರಿ ಅವನ್ನು ತಿನ್ನುತ್ತದೆ, ಅದಕ್ಕೆ. ನಮ್ಮ ಅಣಬೆಯೂ ಶಿಲೀಂಧ್ರವೇ ಅಲ್ವಾ? ಹೊಲದಲ್ಲಿ ಕಾಯುವ ಗುಣವೇ ಚೀಲದಲ್ಲಿ ಕೊಲ್ಲುವ ಗುಣ.

ಹಾಗಿದ್ದರೆ ಎಲ್ಲವನ್ನೂ ಕೊಂದುಬಿಟ್ಟರೆ ಆಯಿತಲ್ಲ ಅನಿಸುತ್ತದೆ. ನಾನು ಮಾಡಿದ್ದು ಅದನ್ನೇ. ಕುಕ್ಕರಿನ ಒತ್ತಡದಲ್ಲಿ ಶಾಖ ಸುಮಾರು 120 ಡಿಗ್ರಿಗೆ ಹೋಗುತ್ತದೆ, ಅಷ್ಟು ಹೊತ್ತಿನಲ್ಲಿ ಗಟ್ಟಿ ಕವಚದ ಬ್ಯಾಕ್ಟೀರಿಯಾ ಬೀಜಕಣಗಳೂ ಉಳಿಯುವುದಿಲ್ಲ. ಜೊತೆಗೆ ಹುಲ್ಲು ಮೆತ್ತಗಾಗಿ, ಒಳಗೆ ಬಂಧಿಯಾಗಿದ್ದ ಸಕ್ಕರೆ ಹೊರಗೆ ಬರುತ್ತದೆ. ಆಮೇಲೆ ನಾನು ಅದನ್ನು ಅಂಗಳದಲ್ಲಿ ಪ್ಲಾಸ್ಟಿಕ್ ಹಾಳೆ ಮೇಲೆ ಹರಡಿ ಆರಿಸಿದೆ. ಗಾಳಿಯಲ್ಲಿ ಬೀಜಕಣಗಳು ಸದಾ ಬೀಳುತ್ತಲೇ ಇರುತ್ತವೆ. ಕೆಳಗೆ ಬಿದ್ದ ಟ್ರೈಕೋಡರ್ಮಕ್ಕೆ ಸಿಕ್ಕಿದ್ದು ಊಟ ತಯಾರಾಗಿರುವ, ಕಾವಲುಗಾರರೇ ಇಲ್ಲದ ಮನೆ. ಉತ್ತು ಹದ ಮಾಡಿ ಬಿತ್ತದೆ ಬಿಟ್ಟ ಹೊಲದಲ್ಲಿ ಮೊದಲು ಬರುವುದು ಕಳೆಯೇ.

ಚಿಗವ್ವನ ಹಂಡೆಯಲ್ಲಿ ನಡೆದದ್ದು ಬೇರೆ. 65ರಿಂದ 80 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇದ್ದ ಹುಲ್ಲಿನಲ್ಲಿ ಬಹುಪಾಲು ಬೂಷ್ಟು, ನುಸಿ, ಹುಳದ ಮೊಟ್ಟೆ ಸತ್ತವು. ಬ್ಯಾಸಿಲಸ್ ಥರದ, ಶಾಖ ತಡೆಯುವ ಬ್ಯಾಕ್ಟೀರಿಯಾ ಉಳಿದವು. ಇವು ಅಣಬೆಗೆ ತೊಂದರೆ ಕೊಡುವುದು ಕಮ್ಮಿ. ಚೆಲ್ಲಿದ ಸಕ್ಕರೆಯನ್ನು ತಿಂದು, ಜಾಗ ಹಿಡಿದು, ಹೊಸ ಬೂಷ್ಟು ಬಂದು ಕೂರದ ಹಾಗೆ ನೋಡಿಕೊಳ್ಳುತ್ತವೆ. ಅಣಬೆಗೆ ಬೇಕಾಗಿದ್ದು ಖಾಲಿ ಊರಲ್ಲ, ಮುಂಚಿತವಾಗಿ ಓಡಲು ನಾಲ್ಕಾರು ದಿನದ ಅವಕಾಶ.

ಇದೇ ಪಾಶ್ಚರೀಕರಣ. ಲೂಯಿ ಪಾಶ್ಚರ್ 1860ರ ದಶಕದಲ್ಲಿ ವೈನ್ ಹುಳಿಯಾಗುವುದನ್ನು ತಡೆಯಲು ಹೊರಟಾಗ, ಕುದಿಸಿದರೆ ರುಚಿ ಹಾಳು ಅನ್ನುವುದು ಗೊತ್ತಿತ್ತು. 50ರಿಂದ 60 ಡಿಗ್ರಿಗೆ ಬಿಸಿ ಮಾಡಿದರೆ ಸಾಕು ಅಂತ ಕಂಡುಕೊಂಡು 1865ರಲ್ಲಿ ಪೇಟೆಂಟ್ ಪಡೆದರು. ನಮ್ಮ ಪ್ಯಾಕೆಟ್ ಹಾಲಿನ ಲೆಕ್ಕವೂ ಇದೇ: 63 ಡಿಗ್ರಿಯಲ್ಲಿ 30 ನಿಮಿಷ, ಇಲ್ಲವೇ 72 ಡಿಗ್ರಿಯಲ್ಲಿ 15 ಸೆಕೆಂಡ್. ಶಾಖ ಸ್ವಲ್ಪ ಏರಿದರೆ ಸಮಯ ಎಷ್ಟು ಇಳಿಯಿತು ನೋಡಿ. ಆ ಹಾಲಿನಲ್ಲಿ ರೋಗ ತರುವ ಕ್ರಿಮಿಗಳು ಇಲ್ಲ, ಆದರೆ ಅದು ಪೂರ್ತಿ ನಿರ್ಜೀವವೂ ಅಲ್ಲ. ಹೊರಗಿಟ್ಟರೆ ಕೆಡುತ್ತದೆ ಅನ್ನುವುದೇ ಅದಕ್ಕೆ ಸಾಕ್ಷಿ.

ಹಾಲಿಗೆ 15 ಸೆಕೆಂಡ್ ಸಾಕಾದರೆ ಹುಲ್ಲಿಗೆ ಯಾಕೆ ಒಂದೂವರೆ ಗಂಟೆ? ಹುಲ್ಲಿನ ಕಡ್ಡಿ ಒಂದು ಕೊಳವೆ, ಅದರೊಳಗೆ ಗಾಳಿ. ಗಾಳಿ ಶಾಖವನ್ನು ಒಳಗೆ ಬಿಡುವುದಿಲ್ಲ. ಹಂಡೆಯ ನೀರು 80 ತೋರಿಸುವಾಗ ಚೀಲದ ನಡುಮಧ್ಯ ಇನ್ನೂ 45ರಲ್ಲೇ ಇರಬಹುದು, ಅಲ್ಲಿ ಬೂಷ್ಟಿಗೆ ಸಾವಿಲ್ಲ. ಹಾಗಾಗಿ ಹುಲ್ಲನ್ನು ಎರಡು ಮೂರು ಇಂಚಿಗೆ ಕತ್ತರಿಸಬೇಕು, ಹಿಂದಿನ ರಾತ್ರಿ ತಣ್ಣೀರಲ್ಲಿ ನೆನೆಸಬೇಕು. ನೆನೆಸುವುದರಿಂದ ಇನ್ನೂ ಒಂದು ಲಾಭ ಇದೆ. ಒಣಗಿ ಮಲಗಿದ ಬೀಜಕಣ ಬಹಳ ಗಟ್ಟಿ, ನೀರು ಕುಡಿದು ಎದ್ದ ಬೀಜಕಣ ಮೆತ್ತಗೆ. ಅದು ಕಣ್ಣು ಬಿಡುವ ಹೊತ್ತಿಗೆ ಬಿಸಿ ತಗುಲಿದರೆ ಸುಲಭವಾಗಿ ಸಾಯುತ್ತದೆ. ಒದ್ದೆ ಶಾಖ ಒಣ ಶಾಖಕ್ಕಿಂತ ಯಾವಾಗಲೂ ಜೋರು. ರಾಯಚೂರಿನ ಮೇ ತಿಂಗಳ 43 ಡಿಗ್ರಿ ಗಾಳಿಯಲ್ಲಿ ನಾವು ಓಡಾಡುತ್ತೇವೆ, ಅದೇ 43 ಡಿಗ್ರಿಯ ನೀರಲ್ಲಿ ಬಹಳ ಹೊತ್ತು ಕೂರಲಾಗದು.

ಥರ್ಮಾಮೀಟರ್ ಒಂದನ್ನು ಕೊಳ್ಳಿ, ಇದನ್ನು ನಾನು ಒತ್ತಿ ಹೇಳುತ್ತೇನೆ. ಅದು ಕೈಗೆ ಬರುವ ತನಕ ಒಂದು ಸುಲಭ ಲೆಕ್ಕ ಇದೆ. ಎರಡು ಕೊಡ ಕುದಿಯುವ ನೀರಿಗೆ ಒಂದು ಕೊಡ 30 ಡಿಗ್ರಿಯ ನಲ್ಲಿ ನೀರು ಬೆರೆಸಿದರೆ ಸುಮಾರು 77 ಡಿಗ್ರಿ ಆಗುತ್ತದೆ. ನೆನೆದ ಹುಲ್ಲು ಹಾಕಿದಾಗ ಅದು ಇನ್ನೂ ಇಳಿಯುತ್ತದೆ, ಆಗ ಒಲೆಗೆ ಒಂದೆರಡು ಕಟ್ಟಿಗೆ ಸೇರಿಸಿ ಮತ್ತೆ 75ಕ್ಕೆ ತನ್ನಿ. ಹುಲ್ಲು ತೇಲದ ಹಾಗೆ ಮೇಲೆ ಒಂದು ಕಲ್ಲು ಇಡಿ, ಹಂಡೆಗೆ ಮುಚ್ಚಳ, ಅದರ ಮೇಲೆ ಹಳೇ ಕಂಬಳಿ. ಗಡಿಯಾರ ಶುರು ಆಗಬೇಕಾದ್ದು ಚೀಲದ ನಡುವಿಗೆ ಚುಚ್ಚಿದ ಥರ್ಮಾಮೀಟರ್ 65 ದಾಟಿದ ಮೇಲೆ. ನೀರು ಕಮ್ಮಿ ಇರುವ ಕಡೆ ಡ್ರಮ್ಮಿನ ತಳದಲ್ಲಿ ನಾಲ್ಕು ಬೆರಳು ನೀರು, ಮೇಲೆ ಇಟ್ಟಿಗೆ ಮತ್ತು ಜಾಲರಿ, ಅದರ ಮೇಲೆ ನೆನೆದ ಹುಲ್ಲು ಇಟ್ಟು ಆವಿಯಲ್ಲಿ ಮಾಡಬಹುದು. ಕುದಿಯುವ ನೀರಿನಲ್ಲೇ ಅರ್ಧ ಗಂಟೆ ಇಟ್ಟು ಅಣಬೆ ಬೆಳೆದವರೂ ಇದ್ದಾರೆ. 100 ಡಿಗ್ರಿಯಲ್ಲೂ ಕಾವಲಿನ ಬ್ಯಾಕ್ಟೀರಿಯಾದ ಗಟ್ಟಿ ಬೀಜಕಣಗಳು ಉಳಿಯುತ್ತವೆ, ಹಾಗಾಗಿ ಅದು ತಪ್ಪಲ್ಲ, ಆದರೆ ಕಟ್ಟಿಗೆ ಜಾಸ್ತಿ, ಹುಲ್ಲೂ ಬೇಗ ಮೆತ್ತಗಾಗುತ್ತದೆ.

ಒಂದು ವಿಚಿತ್ರ ಜೀವಿಯ ಬಗ್ಗೆ ಹೇಳಲೇಬೇಕು. ಕೆಲವೊಮ್ಮೆ ಚೀಲದ ಬಾಯಲ್ಲಿ ಕೇಸರಿ ಪುಡಿಯಂಥ ಬೂಷ್ಟು ರಾತ್ರೋರಾತ್ರಿ ಹಬ್ಬುತ್ತದೆ. ಅದು ನ್ಯೂರೋಸ್ಪೊರ. ಅದರ ಒಂದು ಬಗೆಯ ಬೀಜಕಣ ಶಾಖಕ್ಕೆ ಸಾಯುವ ಬದಲು ಶಾಖದಿಂದಲೇ ಎಚ್ಚರಗೊಳ್ಳುತ್ತದೆ, 60 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಮೊಳೆಯುತ್ತದೆ! ಕಾಡು, ಹೊಲ ಸುಟ್ಟ ಮೇಲೆ ಕರಿಕಟ್ಟಿದ ಕಡ್ಡಿಗಳ ಮೇಲೆ ಮೊದಲು ಬರುವ ಜೀವಿಗಳಲ್ಲಿ ಇದೂ ಒಂದು. 1843ರಲ್ಲಿ ಪ್ಯಾರಿಸ್ಸಿನ ಬ್ರೆಡ್ಡಿಗೆ ಮುತ್ತಿ ತೊಂದರೆ ಕೊಟ್ಟಿತ್ತು. ಇದೇ ಬೂಷ್ಟಿನ ಮೇಲೆ ಕೆಲಸ ಮಾಡಿ ಅಮೆರಿಕದ ವಿಜ್ಞಾನಿಗಳಾದ ಬೀಡಲ್ ಮತ್ತು ಟೇಟಮ್, ಜೀನ್‌ಗಳು ಕಿಣ್ವಗಳನ್ನು ಹೇಗೆ ನಿಯಂತ್ರಿಸುತ್ತವೆ ಅಂತ ತೋರಿಸಿ 1958ರಲ್ಲಿ ನೊಬೆಲ್ ಪಡೆದರು. ಮನೆಯಲ್ಲಿ ಅದು ಕಂಡರೆ ಮಾತ್ರ ಚೀಲ ಬಿಚ್ಚಬೇಡಿ, ಊದಬೇಡಿ. ಹಾಗೇ ಎತ್ತಿ ದೂರ ಒಯ್ದು ಹೂತುಬಿಡಿ.

ಬಿಸಿ ಮುಗಿದ ಮೇಲಿನ ಕೆಲಸವನ್ನು ಚಿಗವ್ವ ಒಂದೇ ಮಾತಲ್ಲಿ ಹೇಳಿದಳು: "ಮೊಸರಿಗೆ ಹೆಪ್ಪು ಹಾಕಿದಂಗ ತಮ್ಮಾ, ಬಿಸಿ ಇದ್ರ ಹೆಪ್ಪು ಸಾಯ್ತದ, ಬಾಳ ಹೊತ್ತು ಬಿಟ್ರ ಹಾಲು ಕೆಡ್ತದ." ಅಣಬೆ ಬೀಜವೂ, ಅಂದರೆ ಅಣಬೆಯ ನೂಲು ಹಬ್ಬಿದ ಕಾಳೂ, ಹೆಪ್ಪೇ. ಹುಲ್ಲು 30 ಡಿಗ್ರಿಗಿಂತ ಕೆಳಗೆ ಇಳಿಯುವ ತನಕ ಬೀಜ ಹಾಕಬಾರದು, 40 ದಾಟಿದರೆ ಸಿಂಪಿ ಅಣಬೆಯ ನೂಲು ಸಾಯತೊಡಗುತ್ತದೆ. ತಣ್ಣಗಾದ ಮೇಲೆ ತಡ ಮಾಡಲೂಬಾರದು. ನೀರಿನ ಹದಕ್ಕೆ ಒಂದು ಹಿಡಿ ಹುಲ್ಲು ಹಿಂಡಿ ನೋಡಿ: ಒಂದೆರಡು ಹನಿ ಬಂದರೆ ಸರಿ, ಧಾರೆ ಬಂದರೆ ಇನ್ನೂ ಬಸಿಯಬೇಕು. ಜಾಸ್ತಿ ನೀರಾದರೆ ಒಳಗೆ ಗಾಳಿ ಆಡುವುದಿಲ್ಲ, ಹುಳಿ ವಾಸನೆ ಹಿಡಿಯುತ್ತದೆ. 1 ಕಿಲೋ ಒಣ ಹುಲ್ಲು ಈ ಹದಕ್ಕೆ ಬಂದಾಗ 3 ಕಿಲೋಗಿಂತ ಜಾಸ್ತಿಯೇ ತೂಗುತ್ತದೆ, ಅದಕ್ಕೆ 100 ಗ್ರಾಂ ಬೀಜ ಧಾರಾಳ. ಬಸಿದ ಕಂದು ನೀರನ್ನು ಚರಂಡಿಗೆ ಬಿಡುವ ಬದಲು ತಿಪ್ಪೆಗೆ ಸುರಿಯಿರಿ.

ಆ ಬೀಜ ಬೆಳೆದಿರುವುದು ಸಾಮಾನ್ಯವಾಗಿ ನಮ್ಮ ಜೋಳದ ಕಾಳಿನ ಮೇಲೆ. ಅಲ್ಲಿ ಮಾತ್ರ ಕುಕ್ಕರಿನ 121 ಡಿಗ್ರಿಯೇ ಬೇಕು. ಕಾಳಿನಲ್ಲಿ ಪಿಷ್ಟ ತುಂಬಿರುತ್ತದೆ, ಒಂದೇ ಒಂದು ಬ್ಯಾಕ್ಟೀರಿಯಾ ಉಳಿದರೂ ಇಡೀ ಬಾಟಲಿ ಹೋಗುತ್ತದೆ. ಹುಲ್ಲು ಬಡವರ ಊಟ, ಅದಕ್ಕೇ ಅರ್ಧ ಶಾಖ ನಡೆಯುತ್ತದೆ. ಹುಲ್ಲಿಗೆ ತೌಡು ಬೆರೆಸಿದರೆ ಇಳುವರಿ ಜಾಸ್ತಿ ಅಂತ ಹೊಸಬರು ಮಾಡಹೋಗಿ ಚೀಲ ಕಳೆದುಕೊಳ್ಳುವುದೂ ಇದೇ ಕಾರಣಕ್ಕೆ. ಒಳ್ಳೆಯ ಬೀಜ ಬೇಕಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ.

ಒಲೆಯೇ ಬೇಡ ಅನ್ನುವವರಿಗೆ ಸುಣ್ಣ ಇದೆ. ಸುಣ್ಣದ ನೀರಿನ ಪಿಎಚ್ (ಹುಳಿ, ಕ್ಷಾರದ ಅಳತೆ) 12 ದಾಟುತ್ತದೆ, ಅದರಲ್ಲಿ 12ರಿಂದ 18 ಗಂಟೆ ಮುಳುಗಿದ ಹುಲ್ಲಿನಲ್ಲಿ ಹೆಚ್ಚಿನ ಬೂಷ್ಟು ಬದುಕದು. 1 ಲೀಟರ್ ನೀರಿಗೆ ಕರಗುವುದು 2 ಗ್ರಾಮಿಗಿಂತ ಕಮ್ಮಿ, ಮೇಲೆ ಹಾಕಿದ್ದೆಲ್ಲ ತಳಕ್ಕೆ ಕೂರುತ್ತದೆ. ಕಣ್ಣಿಗೆ ಹಾರದ ಹಾಗೆ ಎಚ್ಚರ ಇರಲಿ. ಕಾರ್ಬೆಂಡಜಿಮ್ ಮತ್ತು ಫಾರ್ಮಲಿನ್ ಅನ್ನುವ ರಾಸಾಯನಿಕ ಬೆರೆಸಿದ ನೀರಲ್ಲಿ ನೆನೆಸುವ ಪದ್ಧತಿಯೂ ನಮ್ಮ ದೇಶದಲ್ಲಿ ಚಾಲ್ತಿಯಲ್ಲಿದೆ. ಮಕ್ಕಳು ಓಡಾಡುವ ಮನೆಯಲ್ಲಿ, ನಾವೇ ತಿನ್ನುವ ಊಟಕ್ಕೆ ಅದನ್ನು ನಾನು ಮುಟ್ಟುವುದಿಲ್ಲ. ಹುಲ್ಲು ತರುವಾಗಲೂ ಭತ್ತದ ಬೆಂಕಿ ರೋಗಕ್ಕೆ ಕೊನೇ ಸಿಂಪಡಣೆ ಯಾವಾಗ ಆಗಿತ್ತು ಅಂತ ರೈತರನ್ನು ಕೇಳುತ್ತೇನೆ. ಶಿಲೀಂಧ್ರ ಕೊಲ್ಲುವ ಔಷಧಿ ಅಣಬೆಯನ್ನು ಬಿಡುತ್ತದೆಯೇ?

ನಮ್ಮ ಕಡೆ ಸಿಂಪಿ ಅಣಬೆಗೆ ನವೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ. ಬೆಳೆಯುವ ಚೀಲ ತನ್ನದೇ ಶಾಖ ಹುಟ್ಟಿಸುತ್ತದೆ, ಕೋಣೆಗಿಂತ ಅದರ ಒಳಗು ಕೆಲವು ಡಿಗ್ರಿ ಜಾಸ್ತಿಯೇ ಇರುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಅದು ಒಳಗೊಳಗೇ ಬೆಂದುಹೋಗುತ್ತದೆ. ಬೇಸಿಗೆಗೆ ಹಾಲಿನ ಅಣಬೆ (ಮಿಲ್ಕಿ ಮಶ್ರೂಮ್) ಇದೆ, ಅದಕ್ಕೆ 30ರಿಂದ 35 ಡಿಗ್ರಿ ಇಷ್ಟ. ಅದರ ಚೀಲ ಬೆಳ್ಳಗಾದ ಮೇಲೆ ಮೇಲೊಂದು ಇಂಚು ಮಣ್ಣು ಹರಡಬೇಕು, ಆ ಮಣ್ಣನ್ನೂ ಹೀಗೇ ಆವಿಯಲ್ಲಿ ಬಿಸಿ ಮಾಡಬೇಕು. ಚಿಗವ್ವ ಈಗಾಗಲೇ ಎರಡು ಬುಟ್ಟಿ ಮಣ್ಣು ಜರಡಿ ಹಿಡಿದು ಇಟ್ಟಿದ್ದಾಳೆ. ನನ್ನ ಥರ್ಮಾಮೀಟರ್ ಮೂರು ವಾರದಿಂದ ಅವಳ ಮನೆಯಲ್ಲೇ ಇದೆ.